ಸಹಾಯ ಬೇಕು: ಮಗಳಿಗೆ ‘ಲೈಕ್ಲಿ ಲೆಟರ್’ ಬಂದಿದೆ, ಎಷ್ಟು ನಂಬಬಹುದು?

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ಮಗಳು ಹನ್ನೆರಡನೇ ಗ್ರೇಡ್, ಕಾಲೇಜುಗಳಿಗೆ ರೆಗ್ಯುಲರ್ ಡಿಸಿಷನ್‌ನಲ್ಲಿ (ಬೇಗ ಉತ್ತರ ಕೊಡೋ ಸುತ್ತಲ್ಲ, ಮಾಮೂಲಿ ಸುತ್ತು) ಅರ್ಜಿ ಹಾಕಿದ್ದಾಳೆ. ಮೊನ್ನೆ ಒಂದು ಐವಿ ಲೀಗ್ (ಅಮೆರಿಕದ ಎಂಟು ಹೆಸರಾಂತ ಖಾಸಗಿ ವಿದ್ಯಾಸಂಸ್ಥೆಗಳ ಗುಂಪು) ಕಾಲೇಜಿನಿಂದ ಲೈಕ್ಲಿ ಲೆಟರ್, ಅಂದರೆ ‘ನಿಮಗೆ ಪ್ರವೇಶ ಸಿಗೋ ಸಾಧ್ಯತೆ ಹೆಚ್ಚು’ ಅಂತ ಮುಂಚಿತವಾಗಿ ತಿಳಿಸೋ ಪತ್ರ ಬಂತು. ಅಧಿಕೃತ ಫಲಿತಾಂಶ ಬರೋದು ಮಾರ್ಚ್ ಕೊನೆಗೆ.

ಓದಿ ತಿಳಿದುಕೊಂಡಿದ್ದು ಇಷ್ಟು: ಐವಿಯ ಎಂಟೂ ಕಾಲೇಜುಗಳ ಒಪ್ಪಂದದ ಪ್ರಕಾರ ಅಕ್ಟೋಬರ್ 1ರಿಂದ ಇಂಥ ಪತ್ರ ಕಳಿಸಬಹುದು. ಓದು ಹೀಗೇ ಮುಂದುವರಿದರೆ ಇದಕ್ಕೆ ಪ್ರವೇಶ ಪತ್ರದಷ್ಟೇ ಬೆಲೆ. ಹೆಚ್ಚಾಗಿ ಕೋಚ್‌ಗಳು ಆರಿಸಿದ ಕ್ರೀಡಾಪಟುಗಳಿಗೆ ಹೋಗುತ್ತದಂತೆ. ನಮ್ಮವಳಿಗೆ ಬೆಳಗ್ಗೆ ಸ್ಕೂಲ್ ಬಸ್ಸಿಗೆ ಓಡೋದು ಬಿಟ್ಟರೆ ಬೇರೆ ಓಟ ಗೊತ್ತಿಲ್ಲ! ಅದಕ್ಕೇ ನನಗೆ ಇನ್ನೂ ಅನುಮಾನ.

ನಿಜವಾದ ತಲೆಬಿಸಿ ಎರಡು. ‘ಓದು ಹೀಗೇ ಮುಂದುವರಿದರೆ’ ಅಂದರೆ ಎಷ್ಟು? ಮಿಡ್-ಇಯರ್ ರಿಪೋರ್ಟ್‌ನಲ್ಲಿ (ಸ್ಕೂಲು ಕಾಲೇಜಿಗೆ ಕಳಿಸೋ ಅರ್ಧವರ್ಷದ ಗ್ರೇಡ್‌ಗಳು) ಕ್ಯಾಲ್ಕುಲಸ್‌ಗೆ ಬಿ ಬಂದಿದೆ, ಉಳಿದದ್ದೆಲ್ಲ ಎ. ಇಷ್ಟಕ್ಕೇ ಪತ್ರ ವಾಪಸ್ ತಗೊಂಡದ್ದನ್ನು ಯಾರಾದರೂ ನೋಡಿದ್ದೀರಾ?

ಇನ್ನೊಂದು ದುಡ್ಡಿನದು. ಐವಿಗಳಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಇಲ್ಲ, ಕುಟುಂಬದ ಪರಿಸ್ಥಿತಿ ನೋಡಿಯೇ ನೆರವು. ಪತ್ರದಲ್ಲಿ ಅದರ ಸುಳಿವೇ ಇಲ್ಲ. ನೆರವಿನ ಅಂದಾಜನ್ನು ಮಾರ್ಚ್‌ಗೆ ಮೊದಲೇ ಕೊಡಿ ಅಂತ ಫೈನಾನ್ಶಿಯಲ್ ಏಡ್ ಆಫೀಸಿಗೆ ಕೇಳಬಹುದಾ, ಅಥವಾ ಅತಿಯಾಯ್ತು ಅನ್ನಿಸುತ್ತಾ? ಈ ಪತ್ರ ಬಂದ ಮಾತ್ರಕ್ಕೆ ಅಲ್ಲೇ ಸೇರಬೇಕಾಗಿಲ್ಲ, ತೀರ್ಮಾನಿಸೋಕೆ ಮೇ 1ರವರೆಗೆ ಸಮಯ ಇರುತ್ತದೆ ಅನ್ನೋದು ಗೊತ್ತು. ಸ್ಟೇಟ್ ಯೂನಿವರ್ಸಿಟಿಯ ಪ್ರವೇಶವೂ ಕೈಯಲ್ಲಿದೆ, ಎರಡರ ಖರ್ಚು ಹೋಲಿಸಿ ನೋಡಬೇಕು.

ಮೈಸೂರಿನಿಂದ ಅತ್ತೆ ದಿನಾ ಫೋನ್ ಮಾಡಿ ‘ಸೀಟು ಸಿಕ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳು’ ಅಂತಾರೆ. ಮಕ್ಕಳಿಗೆ ಇಂಥ ಪತ್ರ ಬಂದಿದ್ದವರು ದಯವಿಟ್ಟು ಅನುಭವ ಬರೆಯಿರಿ. ಕಾಲೇಜಿನ ಹೆಸರು ಬೇಕಾದರೆ ಇನ್‌ಬಾಕ್ಸ್‌ನಲ್ಲಿ ಹೇಳ್ತೀನಿ.