ಗೀತೆಯ ‘ಅಧಿಕಾರ’ಕ್ಕೆ ಕನ್ನಡದಲ್ಲಿ ಯಾವ ಮಾತು ಸಲ್ಲುತ್ತದೆ?

ಆತ್ಮೀಯರೆ,

ಕಳೆದ ಆಷಾಢದಲ್ಲಿ ಸಾಗರದ ಸಮೀಪದ ನಮ್ಮ ಊರಿನ ಮನೆಯೊಂದರ ಜಗಲಿಯಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನ, ಇತ್ತು. ಪ್ರಸಂಗ ಭೀಷ್ಮಪರ್ವದ್ದು, ಕೃಷ್ಣನ ಅರ್ಥ, ಅಂದರೆ ಅವನ ಪಾತ್ರದ ಮಾತು, ನನ್ನ ಪಾಲಿಗೆ ಬಂದಿತ್ತು. ಎರಡು ಸೇನೆಗಳ ನಡುವೆ ಬಿಲ್ಲನ್ನು ಕೆಳಗಿಟ್ಟು ಕುಳಿತ ಅರ್ಜುನನಿಗೆ, ‘ನಿನಗೆ ಅಧಿಕಾರವಿರುವುದು ಕರ್ಮದಲ್ಲಿ ಮಾತ್ರ, ಫಲದಲ್ಲಿ ಎಂದಿಗೂ ಇಲ್ಲ’ ಎಂದು ರೂಢಿಯ ಮಾತನ್ನೇ ಹೇಳಿ ಮುಂದೆ ಸಾಗಿದೆ. ಮಂಗಳವಾದ ಮೇಲೆ ಕಷಾಯ ಕುಡಿಯುತ್ತಾ ಕುಳಿತಿದ್ದಾಗ ನೆರೆಮನೆಯ ಹಿರಿಯರೊಬ್ಬರು ಕೇಳಿದರು: ‘ಅಧಿಕಾರ ಎಂದರೆ ಆಳುವುದಲ್ಲವೋ? ಅರ್ಜುನ ರಾಜ್ಯವೇ ಬೇಡವೆಂದು ಕುಳಿತವನು. ಅವನಿಗೆ ಅಧಿಕಾರದ ಮಾತು ಯಾಕೆ ಹೇಳಿದೆ?’ ಆ ರಾತ್ರಿ ನನ್ನಿಂದ ಸಮಾಧಾನಕರವಾದ ಉತ್ತರ ಬರಲಿಲ್ಲ. ಅಂದಿನಿಂದ ಈ ಒಂದು ಪದದ ಬೆನ್ನು ಹತ್ತಿದ್ದೇನೆ, ನನಗೆ ತೋಚಿದ್ದನ್ನು ನಿಮ್ಮ ಮುಂದಿಟ್ಟು ನಿಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಗೀತೆಯ ಎರಡನೆಯ ಅಧ್ಯಾಯದ 47ನೆಯ ಶ್ಲೋಕ ಎಲ್ಲರಿಗೂ ಬಾಯಿಪಾಠ: ‘ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ’. ಇಲ್ಲಿರುವ ‘ಅಧಿಕಾರ’ವನ್ನು ನಾವು ಕನ್ನಡದ ಪದವೆಂದೇ ಓದಿಬಿಡುತ್ತೇವೆ. ಇಂದಿನ ಕನ್ನಡದಲ್ಲಿ ಅಧಿಕಾರವೆಂದರೆ ಇನ್ನೊಬ್ಬರ ಮೇಲೆ ನಡೆಯುವ ಬಲ. ಅಧಿಕಾರ ಸ್ವೀಕಾರ, ಅಧಿಕಾರ ದಾಹ, ಜಿಲ್ಲಾಧಿಕಾರಿ ಎಂಬ ಮಾತುಗಳಲ್ಲೆಲ್ಲ ಇರುವುದು ಅದೇ. ಹಿಂದಿಯಲ್ಲಿ ಇದೇ ಪದ ಬೇರೆ ದಾರಿ ಹಿಡಿಯಿತು: ನಾವು ‘ಮೂಲಭೂತ ಹಕ್ಕು’ ಎನ್ನುವುದನ್ನು ಅವರು ‘ಮೌಲಿಕ ಅಧಿಕಾರ’ ಎನ್ನುತ್ತಾರೆ, 2005ರ ಕಾಯ್ದೆ ನಮಗೆ ‘ಮಾಹಿತಿ ಹಕ್ಕು’, ಅವರಿಗೆ ‘ಸೂಚನಾ ಕಾ ಅಧಿಕಾರ’. ಹಾಗಾಗಿ ಹಿಂದಿಯ ಮೂಲಕವೋ ಇಂಗ್ಲಿಷಿನ ಮೂಲಕವೋ ಗೀತೆಯನ್ನು ಓದಿದವರು ‘ಕರ್ಮ ಮಾಡುವುದಷ್ಟೇ ನಿನ್ನ ಹಕ್ಕು’ ಎಂದು ಬರೆಯುತ್ತಾರೆ. ಒಂದು ಅನುವಾದ ಆಳುವವನ ಮಾತಾಗಿ ಕೇಳುತ್ತದೆ, ಇನ್ನೊಂದು ನ್ಯಾಯಾಲಯದ ಮಾತಾಗಿ. ಯುದ್ಧಭೂಮಿಯಲ್ಲಿ ಕೈಕಾಲು ನಡುಗುತ್ತಿರುವವನಿಗೆ ಇವೆರಡೂ ತಾಗುವ ಮಾತಲ್ಲ ಎಂದೇ ನನ್ನ ಅನಿಸಿಕೆ.

ಆದರೆ ಹಳೆಯ ಅರ್ಥ ನಮ್ಮ ಮನೆಗಳಿಂದ ಪೂರ್ತಿ ಹೋಗಿಲ್ಲ. ಸೂತಕದ ದಿನಗಳಲ್ಲಿ ನಾನು ದೇವರ ಕೋಣೆಯ ಬಾಗಿಲಿಗೆ ಹೋದರೆ ಅಜ್ಜಿ, ‘ಈಗ ಪೂಜೆಗೆ ನಿನಗೆ ಅಧಿಕಾರ ಇಲ್ಲ’ ಎನ್ನುತ್ತಿದ್ದರು. ಮುಂಜಿಯಾಗದ ಹುಡುಗನಿಗೆ ಸಂಧ್ಯಾವಂದನೆಯ ಅಧಿಕಾರವಿಲ್ಲ ಎಂಬ ಮಾತನ್ನೂ ಕೇಳಿ ಬೆಳೆದಿದ್ದೇನೆ. ಇಲ್ಲಿ ಬಲದ ಸುಳಿವೇ ಇಲ್ಲ. ಈ ಕೆಲಸ ಈಗ ನಿನ್ನ ಪಾಲಿನದೋ ಅಲ್ಲವೋ ಎಂಬುದಷ್ಟೇ ಪ್ರಶ್ನೆ, ಮತ್ತು ಪಾಲಿನದಾದರೆ ಅದನ್ನು ಬಿಡುವಂತೆಯೂ ಇಲ್ಲ. ಇದೇ ಪದವನ್ನು ಮುಂದಿಟ್ಟುಕೊಂಡು ಹೆಂಗಸರನ್ನೂ ಶೂದ್ರರನ್ನೂ ವೇದಾಧ್ಯಯನದಿಂದ ಹೊರಗಿಟ್ಟದ್ದೂ ನಿಜ. ಪದದ ಚರಿತ್ರೆ ಹೇಳುವಾಗ ಆ ಭಾಗವನ್ನು ಮರೆಮಾಡುವುದು ಸರಿಯಲ್ಲ.

ಶಾಸ್ತ್ರಗಳಲ್ಲಿ ಈ ಪದದ ನಡೆ ಇನ್ನೂ ಸ್ವಾರಸ್ಯವಾಗಿದೆ. ಪಾಣಿನಿಯ ವ್ಯಾಕರಣದಲ್ಲಿ ಅಧಿಕಾರವೆಂದರೆ ತನ್ನ ಮುಂದಿನ ಸೂತ್ರಗಳ ಮೇಲೆಲ್ಲ ಹರಡಿಕೊಳ್ಳುವ ತಲೆಸೂತ್ರ. ಆರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಬರುವ ‘ಅಂಗಸ್ಯ’ ಎಂಬ ಒಂದೇ ಮಾತು ಏಳನೆಯ ಅಧ್ಯಾಯದ ಕೊನೆಯವರೆಗೂ ನಡೆಯುತ್ತದೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ್ದು ವೇದದ ಕರ್ಮವಿಧಿಗಳನ್ನು ವಿಚಾರಿಸುವ ಪೂರ್ವಮೀಮಾಂಸೆ. ಜೈಮಿನಿಯ ಹನ್ನೆರಡು ಅಧ್ಯಾಯಗಳಲ್ಲಿ ಆರನೆಯದು ಅಧಿಕಾರಕ್ಕೇ ಮೀಸಲು. ‘ಸ್ವರ್ಗಕಾಮೋ ಯಜೇತ’ ಎಂಬ ವಿಧಿಯಲ್ಲಿ ಸ್ವರ್ಗವನ್ನು ಬಯಸುವವನೇ ಯಾಗಕ್ಕೆ ಅಧಿಕಾರಿ. ಮೀಮಾಂಸಕರು ಅಧಿಕಾರವಿಧಿಯನ್ನು ವಿವರಿಸುವುದೇ ‘ಫಲಸ್ವಾಮ್ಯ’ವನ್ನು, ಅಂದರೆ ಫಲದ ಒಡೆತನವನ್ನು, ತಿಳಿಸುವ ವಿಧಿಯೆಂದು. ಫಲಕ್ಕೆ ಯಾರು ಒಡೆಯನೋ ಅವನೇ ಕರ್ಮಕ್ಕೆ ಅಧಿಕಾರಿ ಎಂಬುದು ಅವರ ಮತ. ಈ ಹಿನ್ನೆಲೆಯಲ್ಲಿ ಶ್ಲೋಕವನ್ನು ಮತ್ತೊಮ್ಮೆ ಓದಿ ನೋಡಿ. ಅಧಿಕಾರವನ್ನೂ ಫಲವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದ ಗಂಟನ್ನು ಕೃಷ್ಣ ಬಿಚ್ಚುತ್ತಿದ್ದಾನೆ. ಕರ್ಮದ ಕಡೆಯ ಅಧಿಕಾರವನ್ನು ಉಳಿಸಿ ಫಲದ ಕಡೆಯದನ್ನು ಕಳಚಿಕೊಳ್ಳಲು ಹೇಳುತ್ತಿದ್ದಾನೆ. ಇದು ಹೊಳೆದ ದಿನ ನಾನು ತೋಟದ ಕೆಲಸ ಬಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇನ್ನೊಂದು ಸಣ್ಣ ಅಕ್ಷರದ ಕಡೆಗೂ ನಿಮ್ಮ ಗಮನ ಸೆಳೆಯಬೇಕು. ಶ್ಲೋಕದಲ್ಲಿರುವುದು ‘ನ’ ಅಲ್ಲ, ‘ಮಾ’. ‘ನ’ ಎಂದರೆ ಇಲ್ಲ. ‘ಮಾ’ ಎಂದರೆ ಬೇಡ, ಆಗದಿರಲಿ. ಶಂಕರರು ತಮ್ಮ ಭಾಷ್ಯದಲ್ಲಿ ‘ಮಾ ಫಲೇಷು ಅಧಿಕಾರಃ ಅಸ್ತು’ ಎಂದು ಬಿಡಿಸಿ, ‘ಕರ್ಮಫಲತೃಷ್ಣಾ ಮಾ ಭೂತ್’, ಅಂದರೆ ಕರ್ಮಫಲದ ದಾಹ ಬೇಡ, ಎಂದು ವಿವರಿಸುತ್ತಾರೆ. ಎಂದ ಮೇಲೆ ‘ಫಲದಲ್ಲಿ ನಿನಗೆ ಅಧಿಕಾರವಿಲ್ಲ’ ಎಂದು ನಾನು ಅಂದು ಹೇಳಿದ ಅರ್ಥವೇ ತಪ್ಪು. ಫಲ ನಿನಗೆ ಬಾರದು ಎಂದು ಕೃಷ್ಣ ಹೇಳಿಲ್ಲ. ಅದರ ಮೇಲೆ ‘ಇದು ನನ್ನದು’ ಎಂದು ಕೈಯಿಡಬೇಡ ಎಂದಿದ್ದಾನೆ. ‘ಫಲದ ಆಸೆ ಬಿಟ್ಟು ದುಡಿ’ ಎಂಬ ಜನಪ್ರಿಯ ಮಾತಿನಲ್ಲಿರುವ ‘ಆಸೆ’ ಶ್ಲೋಕದ ಮೊದಲ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಅದು ಇಂಥ ವಿವರಣೆಯ ‘ತೃಷ್ಣಾ’ ಶಬ್ದಕ್ಕೆ ಹತ್ತಿರದ್ದು. ಇನ್ನು ‘ಕರ್ಮಣ್ಯೇವ’ ಎಂಬಲ್ಲಿನ ‘ಏವ’ಕಾರಕ್ಕೆ, ಅಂದರೆ ‘ಮಾತ್ರ’ ಎಂಬುದಕ್ಕೆ, ಶಂಕರರು ಕೊಡುವ ಅರ್ಥ, ಜ್ಞಾನನಿಷ್ಠೆಯಲ್ಲಿ ಅರ್ಜುನನಿಗೆ ಇನ್ನೂ ಅಧಿಕಾರವಿಲ್ಲ ಎಂದು. ಅಲ್ಲಿ ಅಧಿಕಾರವೆಂದರೆ ಸ್ಪಷ್ಟವಾಗಿ ಯೋಗ್ಯತೆ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ಯೋಗ್ಯತೆ’ ಎಂದರೆ ಕೇಳುವವನಿಗೆ ಪರೀಕ್ಷೆಯ ನೆನಪಾಗುತ್ತದೆ. ‘ಹೊಣೆ’ ಒಳ್ಳೆಯ ಮಾತು, ಆದರೆ ಶ್ಲೋಕದ ಎರಡನೆಯ ಭಾಗಕ್ಕೆ ಒಗ್ಗದು. ‘ಫಲದ ಹೊಣೆ ನಿನಗೆ ಬೇಡ’ ಎಂದರೆ ಮಾಡಿದ್ದಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂಬ ಅನರ್ಥ ಹುಟ್ಟುತ್ತದೆ. ‘ಬಾಧ್ಯತೆ’ಯಲ್ಲಿ ಹಕ್ಕು ಮತ್ತು ಹೊಣೆ ಎರಡೂ ಇವೆ, ಆದರೂ ಅದು ದಸ್ತಾವೇಜಿನಿಂದ ಎದ್ದು ಬಂದಂತೆ ಕೇಳುತ್ತದೆ.

ನಮ್ಮ ಕಡೆಯ ಸೊಪ್ಪಿನಬೆಟ್ಟದ ಪದ್ಧತಿ ನನಗೆ ಇಲ್ಲಿ ನೆರವಾಯಿತು. ಅಡಿಕೆ ತೋಟಕ್ಕೆ ಸೇರಿದ ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಮರದ ಬುಡಕ್ಕೆ ಹಾಕುವುದು ತೋಟದವನಿಗೆ ಸಲ್ಲುತ್ತದೆ. ಬೆಟ್ಟ ಮಾತ್ರ ಅವನ ಸ್ವಂತದ್ದಲ್ಲ. ಆ ಹಿರಿಯರಿಗೆ ಇದನ್ನೇ ಉದಾಹರಣೆಯಾಗಿ ಹೇಳಿದಾಗ ಅವರು, ‘ಹಾಗಾದರೆ ಸಲ್ಲುತ್ತದೆ ಎಂದೇ ಹೇಳಬಹುದಿತ್ತಲ್ಲ’ ಎಂದರು. ನಾನು ವಾರಗಟ್ಟಲೆ ಹುಡುಕಿದ ಮಾತು ಅವರ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

ಸಲ್ಲು ಅಚ್ಚಗನ್ನಡ ಧಾತು. ನಾಣ್ಯ ಸಲ್ಲುತ್ತದೆ, ಮರ್ಯಾದೆ ಸಲ್ಲುತ್ತದೆ, ಮಾಡಬಾರದ್ದು ಸಲ್ಲದು. ಈ ಲೋಕವನ್ನು ಕರ್ತಾರನ ಕಮ್ಮಟ, ಅಂದರೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ, ಎಂದು ಕರೆದು, ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರೆಂದ ಬಸವಣ್ಣನವರ ವಚನ ಯಾರಿಗೆ ಗೊತ್ತಿಲ್ಲ? ನನಗೆ ಬರಬೇಕಾದದ್ದು ಸಲ್ಲುತ್ತದೆ, ನಾನು ಕೊಡಬೇಕಾದದ್ದನ್ನು ಸಲ್ಲಿಸುತ್ತೇನೆ: ಹಕ್ಕು ಮತ್ತು ಕರ್ತವ್ಯ ಒಂದೇ ಧಾತುವಿನ ಎರಡು ಮುಖಗಳಾಗಿ ನಿಲ್ಲುತ್ತವೆ. ವನಪರ್ವದಲ್ಲಿ ದ್ರೌಪದಿ ಧರ್ಮದಿಂದ ನಮಗೇನು ದೊರೆಯಿತೆಂದು ನೊಂದು ಪ್ರಶ್ನಿಸಿದಾಗ ಧರ್ಮರಾಯ ಕೊಡುವ ಉತ್ತರ ‘ದದಾಮಿ ದೇಯಮಿತ್ಯೇವ’. ಕೊಡತಕ್ಕದ್ದೆಂದು ಕೊಡುತ್ತೇನೆ ಎಂಬುದು ಪದಶಃ ಅರ್ಥ. ‘ಸಲ್ಲಬೇಕಾದದ್ದೆಂದು ಸಲ್ಲಿಸುತ್ತೇನೆ’ ಎಂದರೆ ಅದು ನಮ್ಮ ಜಗಲಿಯ ಮಾತೇ ಆಗುತ್ತದೆ. ಧರ್ಮದಲ್ಲಿ ವ್ಯಾಪಾರ ಮಾಡುವವನನ್ನು ಧರ್ಮರಾಯ ಅಲ್ಲೇ ಹೀನನೆಂದು ಕರೆಯುವುದೂ ಈ ಅರ್ಥಕ್ಕೆ ಬಲ ಕೊಡುತ್ತದೆ.

ಈ ಸಲದ ಅರ್ಥಕ್ಕೆ ನಾನು ಹೀಗೆ ಬರೆದುಕೊಂಡಿದ್ದೇನೆ: ‘ನಿನಗೆ ಸಲ್ಲುವುದು ಕರ್ಮವೇ ಅರ್ಜುನಾ, ಫಲ ನನಗೇ ಸಲ್ಲಬೇಕೆಂಬ ಮಾತು ಎಂದೂ ನಿನ್ನಿಂದ ಬಾರದಿರಲಿ.’ ‘ಮಾ’ ಶಬ್ದದ ತೂಕ ಇದರಲ್ಲಿ ಉಳಿದಿದೆ ಎಂದುಕೊಂಡಿದ್ದೇನೆ. ಉಳಿದಿಲ್ಲವಾದರೆ ತಿದ್ದಿ.

ತೊಡಕಿರುವುದು ನಾಮಪದದಲ್ಲಿ. ಗದ್ಯದ ವಿವರಣೆಗೆ ‘ಅಧಿಕಾರ’ದ ಜಾಗದಲ್ಲಿ ಒಂದು ಹೆಸರು ಬೇಕು. ‘ಸಲ್ಲಿಕೆ’ ಎಂದರೆ ಅರ್ಜಿ ಸಲ್ಲಿಕೆಯ ನೆನಪಾಗುತ್ತದೆ. ‘ಸಲುವಳಿ’ ಎಂಬ ಹಳೆಯ ರೂಪ ನನಗೆ ಹಿಡಿಸಿದೆ, ಆದರೆ ನಮ್ಮ ಊರಿನ ಮಾತಿನಲ್ಲಿ ಅದನ್ನು ಕೇಳಿದ ನೆನಪಿಲ್ಲ. ನಿಮ್ಮ ಕಡೆ ಅದು ಆಡುಮಾತಿನಲ್ಲಿ ಉಳಿದಿದೆಯೆ, ಉಳಿದಿದ್ದರೆ ಯಾವ ಅರ್ಥದಲ್ಲಿ? ತುಂಗಾತೀರದ ಮತ್ತೂರು, ಹೊಸಹಳ್ಳಿಗಳಲ್ಲಿ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವ ಗಮಕ ವ್ಯಾಖ್ಯಾನಗಳನ್ನು ಕೇಳಿ ಬೆಳೆದವರು ನಮ್ಮಲ್ಲಿದ್ದರೆ, ಈ ಶ್ಲೋಕ ಬಂದಾಗ ಅಲ್ಲಿ ಅಧಿಕಾರಕ್ಕೆ ಯಾವ ಮಾತನ್ನು ಇಡುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ. ಶ್ರಾವಣದಲ್ಲಿ ಅದೇ ಜಗಲಿಯಲ್ಲಿ ಅದೇ ಪ್ರಸಂಗ ಮತ್ತೆ ಇದೆ.