ಹಳೆ ಡೆಸ್ಕ್‌ಟಾಪ್‌ಗೆ ಕಡಿಮೆ ಬೆಲೆಯ ಎಸ್‌ಎಸ್‌ಡಿ: ಯಾವುದು ತಗೋಬೇಕು, ಹೇಗೆ ಹಾಕಬೇಕು?

ಪ್ರಶ್ನೆ (ದಾವಣಗೆರೆಯಿಂದ):
ಹಾರ್ಡ್‌ವೇರ್ ಬಲ್ಲವರಿಗೆ ನಮಸ್ಕಾರ. ಮನೆಯಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಐ3-3220 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ಕೆಲಸಕ್ಕೆ ಬರಲು ಐದಾರು ನಿಮಿಷ ಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಯಾವಾಗಲೂ 100% ತೋರಿಸುತ್ತದೆ. ಮಗಳ ಓದು, ನುಡಿಯಲ್ಲಿ ಟೈಪಿಂಗ್, ಅಂಗಡಿಯ ಟ್ಯಾಲಿ ಲೆಕ್ಕ, ಇಷ್ಟೇ ಬಳಕೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್) ಹಾಕಿಸೋಣ ಅಂತಿದ್ದೇನೆ. ಅಂಗಡಿಯವರು ಅದರಲ್ಲೇ ಹೆಚ್ಚು ವೇಗದ ಬಗೆಯಾದ ಎನ್‌ವಿಎಂಇ ಹಾಕಿಸಿ, ಸೆಕೆಂಡಿಗೆ 3500 ಎಂಬಿ ವೇಗ ಬರುತ್ತೆ ಅಂತಾರೆ. ಹಾಕಿಸಬಹುದಾ? 240 ಜಿಬಿ ಸಾಕಾ?

ಉತ್ತರ (ಹಾರ್ಡ್‌ವೇರ್ ಸರ್ವಿಸ್ ಮಾಡುವವರು):
ಮೇಡಂ, ಎನ್‌ವಿಎಂಇ ಬೇಡವೇ ಬೇಡ. ಎಚ್61 ಬೋರ್ಡುಗಳಲ್ಲಿ ಅದನ್ನು ಕೂರಿಸುವ ಎಂ.2 ಸ್ಲಾಟ್ ಇರುವುದಿಲ್ಲ. ಪಿಸಿಐಇ ಅಡಾಪ್ಟರ್ ಕಾರ್ಡ್ ಮೇಲೆ ಕೂರಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಹಾಗೆ ಹಾಕಿದರೆ ವಿಂಡೋಸ್ ಒಳಗೆ ಡೇಟಾ ಡ್ರೈವ್ ಆಗಿ ಕಾಣಬಹುದು, ಆದರೆ ಆ ಕಾಲದ ಬಯೋಸ್‌ಗೆ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಎನ್‌ವಿಎಂಇಯಿಂದ ಬೂಟ್ ಮಾಡುವುದು ಗೊತ್ತಿಲ್ಲ. ವಿಂಡೋಸ್ ಹಳೆ ಹಾರ್ಡ್ ಡಿಸ್ಕ್‌ನಲ್ಲೇ ಉಳಿದರೆ ನಿಮ್ಮ ಐದು ನಿಮಿಷವೂ ಹಾಗೇ ಉಳಿಯುತ್ತದೆ. ನಿಮ್ಮ ಹಾರ್ಡ್ ಡಿಸ್ಕ್ ಜೋಡಿಸುವಂಥದೇ ಸಾಟಾ ಪೋರ್ಟಿಗೆ ಹೊಂದುವ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅಂತಲೇ ಕೇಳಿ ತಗೊಳ್ಳಿ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಎಚ್61 ಚಿಪ್‌ಸೆಟ್‌ನ ಸಾಟಾ ಪೋರ್ಟುಗಳೆಲ್ಲ ಸೆಕೆಂಡಿಗೆ 3 ಗಿಗಾಬಿಟ್‌ನವು. ಡಬ್ಬಿ ಮೇಲೆ 500-550 ಎಂಬಿ ಅಂತ ಬರೆದಿದ್ದರೂ ನಿಮ್ಮಲ್ಲಿ 270-280ರ ಆಸುಪಾಸಿಗೆ ನಿಲ್ಲುತ್ತದೆ. ಇದಕ್ಕೆ ಬೇಸರ ಬೇಡ, ಏಕೆಂದರೆ ನಿಮ್ಮ ಕಂಪ್ಯೂಟರ್ ನಿಧಾನವಾಗಿರುವುದು ದೊಡ್ಡ ಫೈಲಿನ ವೇಗ ಸಾಲದೆ ಅಲ್ಲ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಡಿಸ್ಕ್‌ನ ಮೂಲೆಮೂಲೆಯಿಂದ ಹೆಕ್ಕಬೇಕು. 7200 ಆರ್‌ಪಿಎಂ ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ ಸಲವೂ ಹೆಡ್ ಸರಿದು, ತಟ್ಟೆ ತಿರುಗಿ ಬರಲು 12 ಮಿಲಿಸೆಕೆಂಡ್‌ನಷ್ಟು ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ ನೂರು ಓದು ಕೂಡ ಕಷ್ಟ. ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ; ಅದೇ ಕೆಲಸ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಈ ಲಾಭ 3 ಗಿಗಾಬಿಟ್ ಪೋರ್ಟಿನಲ್ಲೂ ನಿಮಗೆ ಸಿಗುತ್ತದೆ.

ಇದೇ ತರಹದ ಹಳೆ ಬೋರ್ಡ್ ಇರುವ ಬೇರೆಯವರಿಗೆ: ಎಚ್81ರಲ್ಲಿ ಎರಡು ಪೋರ್ಟ್ ಮಾತ್ರ 6 ಗಿಗಾಬಿಟ್‌ನವು, ಉಳಿದೆರಡು 3. ಮ್ಯಾನುಯಲ್ ನೋಡಿ ಎಸ್‌ಎಸ್‌ಡಿಯನ್ನು 6ರ ಪೋರ್ಟಿಗೇ ಹಾಕಿ. ಎಚ್110ರಲ್ಲಿ ನಾಲ್ಕೂ 6 ಗಿಗಾಬಿಟ್. ಬೋರ್ಡ್ ಯಾವುದೆಂದು ಗೊತ್ತಿಲ್ಲದಿದ್ದರೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೇನ್‌ಬೋರ್ಡ್ ಟ್ಯಾಬ್ ನೋಡಿದರೆ ಸಾಕು, ಕ್ಯಾಬಿನೆಟ್ ಬಿಚ್ಚಬೇಕಿಲ್ಲ.

ಪ್ರಶ್ನೆ (ಅದೇ ಮೇಡಂ):
ಹಾಗಾದರೆ ಸಾಟಾ. ಅದರಲ್ಲೂ ಬೆಲೆ ಬೇರೆ ಬೇರೆ ಇದೆಯಲ್ಲ ಸರ್, ಏನು ನೋಡಿ ಆರಿಸಬೇಕು?

ಉತ್ತರ (ಹಾರ್ಡ್‌ವೇರ್ ಸರ್ವಿಸ್):
ಬೆಲೆ ಇಳಿಸಲು ಕಂಪನಿ ಎಲ್ಲಿ ಕತ್ತರಿ ಹಾಕಿದೆ ಅಂತ ನೋಡಬೇಕು. ಡಬ್ಬಿಯ ಮೇಲಿನ ವೇಗದ ಅಂಕಿ ಎಲ್ಲ ಸಾಟಾ ಡ್ರೈವ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ, ಅದನ್ನು ನೋಡಿ ಆರಿಸಲಾಗದು.

ಮೊದಲ ಕತ್ತರಿ ಡಿರ್‍ಯಾಮ್‌ಗೆ. ಯಾವ ಡೇಟಾ ಯಾವ ಚಿಪ್‌ನಲ್ಲಿದೆ ಎಂಬ ನಕ್ಷೆ ಇಡಲು ಒಳ್ಳೆಯ ಎಸ್‌ಎಸ್‌ಡಿಯಲ್ಲಿ ಪ್ರತ್ಯೇಕ ಡಿರ್‍ಯಾಮ್ ಚಿಪ್ ಇರುತ್ತದೆ. ಕಿಂಗ್‌ಸ್ಟನ್ ಎ400, ಕ್ರೂಶಿಯಲ್ ಬಿಎಕ್ಸ್500, ಡಬ್ಲ್ಯುಡಿ ಗ್ರೀನ್ ಈ ಅಗ್ಗದ ಸಾಲಿನಲ್ಲಿ ಅದಿಲ್ಲ. ವಿಂಡೋಸ್, ಟ್ಯಾಲಿ, ಬ್ರೌಸರ್ ಬಳಕೆಗೆ ಈ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಡ್ರೈವ್ ತುಂಬುತ್ತಾ ಬಂದಾಗ, ಒಂದೇ ಹೊತ್ತಿಗೆ ಓದು-ಬರಹ ಎರಡೂ ನಡೆವಾಗ ತಡವರಿಸುವುದು ಕಾಣುತ್ತದೆ.

ಎರಡನೆಯದು ಫ್ಲ್ಯಾಶ್‌ಗೆ. ಟಿಎಲ್‌ಸಿ ಅಂದರೆ ಒಂದು ಕೋಶದಲ್ಲಿ 3 ಬಿಟ್, ಕ್ಯೂಎಲ್‌ಸಿ ಅಂದರೆ 4. ಬಿಟ್ ಹೆಚ್ಚಿದಷ್ಟೂ ಬರೆಯುವುದು ನಿಧಾನ, ಬಾಳಿಕೆ ಕಡಿಮೆ. ಇದನ್ನು ಮರೆಮಾಡಲು ಖಾಲಿ ಜಾಗದ ಒಂದು ಭಾಗವನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ಬಳಸುತ್ತಾರೆ, ಅದಕ್ಕೆ ಎಸ್‌ಎಲ್‌ಸಿ ಕ್ಯಾಶ್ ಅಂತಾರೆ. ಗಾಡಿಯಿಂದ ಮೂಟೆಗಳನ್ನು ಮೊದಲು ಜಗುಲಿ ಮೇಲೆ ಇಳಿಸಿಕೊಂಡು, ಆಮೇಲೆ ಬಿಡುವಾದಾಗ ಕಣಜಕ್ಕೆ ತುಂಬಿದ ಹಾಗೆ. ಜಗುಲಿ ತುಂಬಿತೋ, ಗಾಡಿ ಕಾಯಲೇಬೇಕು. ಕ್ಯೂಎಲ್‌ಸಿ ಡ್ರೈವ್‌ಗೆ ಒಂದೇ ಸಲ ಹತ್ತಾರು ಜಿಬಿ ಮದುವೆ ವಿಡಿಯೋ ಸುರಿದರೆ ಮೊದಲು ಸರಸರ ಹೋಗಿ, ನಡುವೆ ವೇಗ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗೆ ಬೀಳುವುದು ಇದೇ ಕಾರಣಕ್ಕೆ. ಡ್ರೈವ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತೊಯ್ಯಬೇಕಿಲ್ಲ.

ಮೂರನೆಯದು ವಾರಂಟಿಗೆ. ಟಿಬಿಡಬ್ಲ್ಯು ಎಂಬ ಅಂಕಿ ಹುಡುಕಿ, ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ವಾರಂಟಿ ಎಂಬುದು ಅದು. ಎ400 240 ಜಿಬಿಗೆ 80 ಟಿಬಿ, 480ಕ್ಕೆ 160, ವಾರಂಟಿ 3 ವರ್ಷ. ಸ್ಯಾಮ್‌ಸಂಗ್ 870 ಇವೊ 250 ಜಿಬಿಗೆ 150 ಟಿಬಿ, 5 ವರ್ಷ. ಅದರಲ್ಲಿ ಡಿರ್‍ಯಾಮ್ ಇದೆ, ಫ್ಲ್ಯಾಶ್ ಟಿಎಲ್‌ಸಿ. ನಿಮ್ಮ ಬಳಕೆಗೆ ದಿನಕ್ಕೆ 20 ಜಿಬಿ ಬರಹ ಅಂತ ಧಾರಾಳವಾಗಿ ಹಿಡಿದರೂ 80 ಟಿಬಿ ಮುಗಿಯಲು 4000 ದಿನ, ಸುಮಾರು 11 ವರ್ಷ. ಹಾಗಾಗಿ ಈ ಯಂತ್ರಕ್ಕೆ ಅಗ್ಗದ ಸಾಲೇ ಸಾಕು. ಮುಂದೆ ಹೊಸ ಕಂಪ್ಯೂಟರಿಗೂ ಇದನ್ನೇ ಸಾಗಿಸುವ ಯೋಚನೆ ಇದ್ದರೆ ಮಾತ್ರ ಡಿರ್‍ಯಾಮ್ ಇರುವುದಕ್ಕೆ ಹೆಚ್ಚು ಕೊಡಿ.

ಅಗ್ಗದ ಸಾಲಿನಲ್ಲಿ ಹೆಸರು ಅದೇ ಇದ್ದು ಒಳಗಿನ ಕಂಟ್ರೋಲರ್, ಫ್ಲ್ಯಾಶ್ ಬದಲಾಗುವುದುಂಟು. ಎರಡು ಮೂರು ವರ್ಷ ಹಿಂದಿನ ರಿವ್ಯೂ ವಿಡಿಯೋ ನಂಬಿ ಕೊಳ್ಳಬೇಡಿ. ಕಂಪನಿ ಬರಹದಲ್ಲಿ ಕೊಡುವ ಟಿಬಿಡಬ್ಲ್ಯು, ವಾರಂಟಿ ವರ್ಷ ಇವನ್ನು ನಂಬಿ.

ಸೈಜ್ ವಿಚಾರ. 120 ಜಿಬಿ ಬೇಡ. 240 ಕೊಂಡರೆ ವಿಂಡೋಸ್‌ನಲ್ಲಿ 223 ಅಂತ ಕಾಣುತ್ತದೆ. ಕಂಪನಿ ಸಾವಿರದಲ್ಲಿ, ವಿಂಡೋಸ್ 1024ರಲ್ಲಿ ಲೆಕ್ಕ ಹಾಕುವುದರಿಂದ ಹಾಗೆ, ಮೋಸವಲ್ಲ. ವಿಂಡೋಸ್, ಅಪ್‌ಡೇಟ್, ಪೇಜ್ ಫೈಲ್‌ಗೆ 40-50 ಜಿಬಿ ಹೋಗುತ್ತದೆ, ಕ್ಯಾಶ್ ಕೆಲಸ ಮಾಡಲು ಐದನೇ ಒಂದು ಭಾಗ ಸದಾ ಖಾಲಿ ಇರಬೇಕು. ಫೋಟೋ, ವಿಡಿಯೋ ಹಳೆ ಡಿಸ್ಕ್‌ನಲ್ಲಿಟ್ಟರೆ 240 ಸಾಲುತ್ತದೆ. ಬೆಲೆಯ ಅಂತರ ಕೈಗೆಟುಕುವಂತಿದ್ದರೆ 480 ನನ್ನ ಆಯ್ಕೆ: ಕ್ಯಾಶ್ ದೊಡ್ಡದು, ಚಿಪ್‌ಗಳ ಮೇಲೆ ಹೊರೆ ಹಂಚಿಹೋಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಹುಬ್ಬಳ್ಳಿ):
ಸರ್, ನಮ್ಮ ಮನ್ಯಾಗಿನ ಲ್ಯಾಪ್‌ಟಾಪಿಗೆ ಎಂ.2 ಸ್ಲಾಟ್ ಐತ್ರಿ. ಹಂಗಾರ ಎನ್‌ವಿಎಂಇ ತಗೊಳ್ಳಾಕ ಅಡ್ಡಿಯಿಲ್ಲೇನ್ರಿ?

ಉತ್ತರ (ಹಾರ್ಡ್‌ವೇರ್ ಸರ್ವಿಸ್):
ಸ್ಲಾಟ್ ಇದ್ದ ಮಾತ್ರಕ್ಕೆ ಎನ್‌ವಿಎಂಇ ನಡೆಯುತ್ತದೆ ಅಂತಿಲ್ಲ ಸರ್. ಎಂ.2 ಬರೀ ಆಕಾರದ ಹೆಸರು. ಕೆಲವು ಸ್ಲಾಟ್ ಸಾಟಾ ಮಾತ್ರ, ಕೆಲವು ಎನ್‌ವಿಎಂಇ ಮಾತ್ರ, ಕೆಲವು ಎರಡನ್ನೂ ಒಪ್ಪುತ್ತವೆ. ಕಾರ್ಡಿನ ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಆದರೆ ಎರಡು ಕಚ್ಚಿನ ಎನ್‌ವಿಎಂಇಗಳೂ ಇವೆ, ಆದ್ದರಿಂದ ಕಚ್ಚು ನೋಡಿ ತೀರ್ಮಾನಿಸದೆ ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನುಯಲ್ ನೋಡಿ. ಉದ್ದವನ್ನೂ ನೋಡಿ: 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 2242ಕ್ಕೆ ಮಾತ್ರ ಜಾಗವಿರುತ್ತದೆ. ಡೆಸ್ಕ್‌ಟಾಪ್‌ನಲ್ಲಾದರೆ ಇನ್ನೊಂದು ಗೊಂದಲ: ಹಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹಾರ್ಡ್ ಡಿಸ್ಕ್ ಕಾಣೆಯಾಯಿತು ಅಂತ ಗಾಬರಿಯಾಗದೆ ಬೇರೆ ಪೋರ್ಟಿಗೆ ಹಾಕಿ ನೋಡಿ.

ಎನ್‌ವಿಎಂಇಯಲ್ಲಿ ಡಿರ್‍ಯಾಮ್ ಇಲ್ಲದಿದ್ದರೂ ಚಿಂತೆಯಿಲ್ಲ. ಎಚ್‌ಎಂಬಿ ಎಂಬ ವ್ಯವಸ್ಥೆಯಲ್ಲಿ ಅದು ಕಂಪ್ಯೂಟರಿನ ರ್‍ಯಾಮ್‌ನಿಂದಲೇ ಕೆಲವು ಹತ್ತು ಎಂಬಿ ಎರವಲು ಪಡೆಯುತ್ತದೆ. ಸಾಟಾಗೆ ಈ ಸೌಲಭ್ಯವಿಲ್ಲ. ಇಲ್ಲಿ ಫ್ಲ್ಯಾಶ್ ಕಡೆ ಕಣ್ಣಿಡಿ. 1 ಟಿಬಿಯಲ್ಲಿ ಕ್ರೂಶಿಯಲ್ ಪಿ3 ಕ್ಯೂಎಲ್‌ಸಿ, 220 ಟಿಬಿಡಬ್ಲ್ಯು. ಡಬ್ಲ್ಯುಡಿ ಬ್ಲೂ ಎಸ್‌ಎನ್580 ಟಿಎಲ್‌ಸಿ, 600 ಟಿಬಿಡಬ್ಲ್ಯು. ಬೆಲೆ ಹತ್ತಿರ ಹತ್ತಿರ ಇದ್ದರೆ ಎರಡನೆಯದನ್ನು ಬಿಡಬೇಡಿ. ಜೆನ್ ಅಂದರೆ ಪಿಸಿಐಇ ತಲೆಮಾರು; ಜೆನ್ 4 ಡ್ರೈವ್ ಜೆನ್ 3 ಸ್ಲಾಟಿನಲ್ಲಿ ಜೆನ್ 3ರ ವೇಗಕ್ಕೆ ಓಡುತ್ತದೆ, ಹಾಳಾಗುವುದಿಲ್ಲ.

ಪ್ರಶ್ನೆ (ದಾವಣಗೆರೆ ಮೇಡಂ):
ಹಳೆ ವಿಂಡೋಸ್ ಹಾಗೇ ಕ್ಲೋನ್ ಮಾಡೋದಾ, ಹೊಸದಾಗಿ ಹಾಕೋದಾ? ಟ್ಯಾಲಿ ಹೋಗಿಬಿಟ್ಟರೆ ಮನೆಯಲ್ಲಿ ಜಗಳ.

ಉತ್ತರ (ಹಾರ್ಡ್‌ವೇರ್ ಸರ್ವಿಸ್):
ವರ್ಷಗಟ್ಟಲೆ ಕಸ ಸೇರಿದ ವಿಂಡೋಸ್ ಆದರೆ ಹೊಸದಾಗಿ ಹಾಕುವುದೇ ಮೇಲು. ಟ್ಯಾಲಿಯಿಂದ ಶುರುಮಾಡಿ: ಡೇಟಾ ಫೋಲ್ಡರನ್ನು ಪೆನ್ ಡ್ರೈವ್‌ಗೂ ಇನ್ನೊಂದು ಕಡೆಗೂ ಕಾಪಿ ಮಾಡಿ, ಆಮೇಲೆ ಟ್ಯಾಲಿಯ ಒಳಗಿಂದಲೇ ಲೈಸೆನ್ಸ್ ಸರೆಂಡರ್ ಮಾಡಿ. ಇದನ್ನು ಮರೆತು ಡಿಸ್ಕ್ ಬದಲಿಸಿದರೆ ಲೈಸೆನ್ಸ್ ಮತ್ತೆ ಚಾಲೂ ಮಾಡಿಸಲು ಓಡಾಡಬೇಕಾಗುತ್ತದೆ. ನುಡಿ ಫೈಲುಗಳು ಡೆಸ್ಕ್‌ಟಾಪ್ ಮೇಲೆ, ಮೈ ಡಾಕ್ಯುಮೆಂಟ್ಸ್‌ನಲ್ಲಿ ಉಳಿದಿರುತ್ತವೆ. ಅವೆರಡೂ ಸಿ ಡ್ರೈವ್‌ನೊಳಗೇ ಇವೆ ಎಂಬುದು ನೆನಪಿರಲಿ.

ಡಬ್ಬಿಯಲ್ಲಿ ಸಾಟಾ ಕೇಬಲ್ ಬರುವುದಿಲ್ಲ. ಕ್ಲಿಪ್ ಇರುವ ಸಾಟಾ ಕೇಬಲ್ ಒಂದು, 2.5ರಿಂದ 3.5 ಇಂಚಿನ ಬ್ರಾಕೆಟ್, ನಾಲ್ಕು ಎಂ3 ಸ್ಕ್ರೂ ಜೊತೆಗೆ ತಗೊಳ್ಳಿ. ಎಸ್‌ಎಂಪಿಎಸ್‌ನಲ್ಲಿ (ಕ್ಯಾಬಿನೆಟ್‌ನೊಳಗಿನ ಪವರ್ ಸಪ್ಲೈ) ಸಾಟಾ ಪವರ್ ತುದಿ ಉಳಿದಿಲ್ಲದಿದ್ದರೆ ಕನ್ವರ್ಟರ್ ಬೇಕು. ಅದರಲ್ಲಿ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ತುದಿ ಬೇಡ, ಒಳಗೆ ತಂತಿಗಳು ತಾಕಿಕೊಂಡು ಸುಟ್ಟುಹೋಗುವುದು ಅಂಥವೇ. ತಂತಿಗಳು ಬಿಡಿಬಿಡಿಯಾಗಿ ಒತ್ತಿ ಕೂರಿಸಿದ ಬಗೆಯದು ಕೇಳಿ.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಟ್ಟು, ಕ್ಯಾಬಿನೆಟ್‌ನ ಲೋಹ ಮುಟ್ಟಿಕೊಂಡು ಕೆಲಸ ಶುರುಮಾಡಿ. ಹಳೆ ಡಿಸ್ಕ್ ಇದ್ದ ಮೊದಲ ಪೋರ್ಟಿಗೆ ಎಸ್‌ಎಸ್‌ಡಿ ಹಾಕಿ. ಹಳೆ ಹಾರ್ಡ್ ಡಿಸ್ಕ್‌ನ ಕೇಬಲನ್ನು ಈಗಲೇ ಹಾಕಬೇಡಿ. ಅದು ಇದ್ದರೆ ಇನ್‌ಸ್ಟಾಲರ್ ಬೂಟ್ ಫೈಲುಗಳನ್ನು ಹಳೆ ಡಿಸ್ಕ್‌ನಲ್ಲೇ ಬಿಟ್ಟುಬಿಡುತ್ತದೆ, ಮುಂದೊಂದು ದಿನ ಆ ಡಿಸ್ಕ್ ತೆಗೆದಾಗ ಕಂಪ್ಯೂಟರ್ ಏಳುವುದೇ ಇಲ್ಲ. ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ (ಹಳೆ ಬಗೆ) ಇದ್ದರೆ ಎಎಚ್‌ಸಿಐ (ಹೊಸ ಬಗೆ) ಮಾಡಿ, ಅದೂ ವಿಂಡೋಸ್ ಹಾಕುವ ಮೊದಲೇ. ಹಾಕಿದ ಮೇಲೆ ಬದಲಿಸಿದರೆ ನೀಲಿ ಪರದೆ ಬರುತ್ತದೆ. 8 ಜಿಬಿ ಪೆನ್ ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಸೆಟಪ್ ಮಾಡಿಕೊಂಡು ಹಾಕಿ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿರುತ್ತದೆ, ಡಿಸ್ಕ್ ಬದಲಿಸಿದರೆ ಹೋಗುವುದಿಲ್ಲ. ಎಲ್ಲ ಸರಿಯಾಗಿ ನಡೆದ ಮೇಲೆ ಆಫ್ ಮಾಡಿ ಹಳೆ ಡಿಸ್ಕ್ ಜೋಡಿಸಿ. ಡ್ರೈವ್ ಅಕ್ಷರಗಳು ಡಿ, ಇ ಅದಲುಬದಲಾಗಬಹುದು. ಟ್ಯಾಲಿಗೆ ಡೇಟಾ ದಾರಿ ಮತ್ತೆ ತೋರಿಸಿ.

ಕ್ಲೋನ್‌ ಮಾಡಲೇಬೇಕೆಂದರೆ ಸಿ ಡ್ರೈವ್ ಮತ್ತು ಸಿಸ್ಟಂ ರಿಸರ್ವ್ಡ್ ಭಾಗ ಎರಡನ್ನೇ ಮಾಡಿ. ಮೊದಲ ಬೂಟ್‌ಗೆ ಹಳೆ ಡಿಸ್ಕ್ ಬಿಚ್ಚಿಡಿ, ಎರಡಕ್ಕೂ ಒಂದೇ ಡಿಸ್ಕ್ ಸಹಿ (ವಿಂಡೋಸ್ ಡಿಸ್ಕನ್ನು ಗುರುತಿಸುವ ನಂಬರ್) ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ.

ಎರಡು ಮಾತು ಬಿಡುವಂತಿಲ್ಲ. 4 ಜಿಬಿ ರ್‍ಯಾಮ್ ಸಾಲದು; ಇನ್ನೊಂದು 4 ಜಿಬಿ ಡಿಡಿಆರ್3 ಹಾಕಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಎಎಂಡಿಗೆ ಮಾತ್ರ ಎನ್ನುವ ಸ್ಟಿಕ್ ಮಾತ್ರ ಬೇಡ, ಇಂಟೆಲ್ ಬೋರ್ಡಿನಲ್ಲಿ ಅದು ನಡೆಯದು. ಮತ್ತೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮೂರನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆದ್ದರಿಂದ ಈ ಯಂತ್ರದ ಮೇಲೆ ಹೆಚ್ಚು ಹಣ ಸುರಿಯಬೇಡಿ. ಬ್ಯಾಂಕ್ ವ್ಯವಹಾರ ಇದರಲ್ಲಿ ಮಾಡದಿದ್ದರೆ ಒಳ್ಳೆಯದು.

ಸೇರ್ಪಡೆ (ಡೇಟಾ ರಿಕವರಿ ಮಾಡುವವರು):
ಒಂದು ಎಚ್ಚರಿಕೆ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಟಕ್ ಟಕ್ ಸದ್ದು, ನಿಧಾನ, ಏನಾದರೊಂದು ಸುಳಿವು ಕೊಡುವುದುಂಟು. ಎಸ್‌ಎಸ್‌ಡಿ ಎಷ್ಟೋ ಸಲ ನಿನ್ನೆ ಚೆನ್ನಾಗಿದ್ದು ಇವತ್ತು ಬಯೋಸ್‌ನಲ್ಲೇ ಕಾಣುವುದಿಲ್ಲ. ಅಳಿಸಿದ ಫೈಲುಗಳೂ ಅಷ್ಟೇ: ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ಹೇಳುವ ಟ್ರಿಮ್ ಆದೇಶ ಹೋದ ಮೇಲೆ ಡ್ರೈವ್ ತಾನೇ ಒಳಗಿಂದ ಗುಡಿಸಿಬಿಡುತ್ತದೆ, ನಮ್ಮಂಥವರ ಕೈಗೂ ಏನೂ ಸಿಗುವುದಿಲ್ಲ. ಟ್ಯಾಲಿ ಬ್ಯಾಕಪ್ ದಿನವೂ ಹಳೆ ಹಾರ್ಡ್ ಡಿಸ್ಕ್‌ಗೆ, ವಾರಕ್ಕೊಮ್ಮೆ ಪೆನ್ ಡ್ರೈವ್‌ಗೆ ಹೋಗಲಿ. ಕರೆಂಟ್ ಪದೇ ಪದೇ ಹೋಗುವ ಕಡೆ ಯುಪಿಎಸ್ ಇಲ್ಲದೆ ಎಸ್‌ಎಸ್‌ಡಿ ಬಳಸಬೇಡಿ. ಮನೆಬಳಕೆಯ ಅಗ್ಗದ ಡ್ರೈವ್‌ಗಳಲ್ಲಿ ಹಠಾತ್ ಕರೆಂಟ್ ಹೋದಾಗ ಬರಹ ಮುಗಿಸಿಕೊಳ್ಳುವ ಕೆಪಾಸಿಟರ್‌ಗಳು ಇರುವುದಿಲ್ಲ.

ಫೋಟೋ ತುಂಬಿ ಬೀರುವಿನಲ್ಲಿ ಎತ್ತಿಡಲು ಎಸ್‌ಎಸ್‌ಡಿ ತಕ್ಕದ್ದಲ್ಲ. ಬರಹದ ಆಯುಷ್ಯ ಮುಗಿದ ಡ್ರೈವ್ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು ಎಂಬುದು ಜೆಡೆಕ್ (ಮೆಮೊರಿ ಚಿಪ್‌ಗಳಿಗೆ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡ. ಬಿಸಿ ಏರಿದಷ್ಟೂ ಆ ಅವಧಿ ಕುಗ್ಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ ನೆನಪಿಸಿಕೊಳ್ಳಿ.

ಪ್ರಶ್ನೆ (ಮೂರನೆಯವರು):
ಆನ್‌ಲೈನ್‌ನಲ್ಲಿ ಹೆಸರೇ ಕೇಳದ ಕಂಪನಿಯ 2 ಟಿಬಿ ಎಸ್‌ಎಸ್‌ಡಿ ತೀರಾ ಅಗ್ಗಕ್ಕೆ ಬರ್ತಿದೆ ಅಣ್ಣ, ಆರ್ಡರ್ ಹಾಕಲಾ?

ಉತ್ತರ (ಡೇಟಾ ರಿಕವರಿ):
ಹಾಕಬೇಡಿ ತಮ್ಮಾ. ಪೆಟ್ಟಿಗೆಯೊಳಗೆ ಚಿಕ್ಕ ಮೆಮೊರಿ ಕಾರ್ಡ್ ಕೂರಿಸಿ, 2 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಫರ್ಮ್‌ವೇರ್ (ಡ್ರೈವ್ ಒಳಗಿನ ತಂತ್ರಾಂಶ) ತಿದ್ದಿರುವ ಮಾಲು ಅದು. ಕಾಪಿ ಆದಂತೆಯೇ ಕಾಣುತ್ತದೆ, ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಫೈಲುಗಳು ತೆರೆಯುವುದಿಲ್ಲ. ಎಲ್ಲಿಂದಲೇ ಕೊಂಡರೂ ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಅದನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ಪರೀಕ್ಷಿಸಿ. ಡೇಟಾ ತುಂಬುವ ಮೊದಲು ಎಚ್2ಟೆಸ್ಟ್‌ಡಬ್ಲ್ಯು ಎಂಬ ತಂತ್ರಾಂಶ ಓಡಿಸಿ. ಅದು ಪೂರ್ತಿ ಬರೆದು ಮತ್ತೆ ಓದಿ ತಾಳೆ ನೋಡುತ್ತದೆ. ಡ್ರೈವ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪವರ್ ಆನ್ ಅವರ್ಸ್ (ಓಡಿದ ಗಂಟೆಗಳು) ಹೊಸ ಡ್ರೈವ್‌ಗೆ ಸೊನ್ನೆಯ ಹತ್ತಿರ ಇರಬೇಕು, ನೂರಾರು ಗಂಟೆ ಇದ್ದರೆ ಬಳಸಿದ ಮಾಲು, ಹಿಂದಿರುಗಿಸಿ.

ಮೇಡಂ, ಇದೇ ತಂತ್ರಾಂಶದಲ್ಲಿ ನಿಮ್ಮ ಹಳೆ ಹಾರ್ಡ್ ಡಿಸ್ಕನ್ನೂ ಒಮ್ಮೆ ನೋಡಿಬಿಡಿ. ಡಿಸ್ಕ್‌ನ ಕೆಟ್ಟ ಜಾಗಗಳನ್ನು ಎಣಿಸುವ ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್ಸ್ ಎಂಬ ಎರಡು ಸಾಲಿನ ಎದುರು ಸೊನ್ನೆ ಇಲ್ಲದೆ ಅಂಕಿ ಬೆಳೆಯುತ್ತಿದ್ದರೆ ಟ್ಯಾಲಿ ಬ್ಯಾಕಪ್‌ಗೆ ಆ ಡಿಸ್ಕ್ ಬಳಸಬೇಡಿ, ಅದರಲ್ಲಿರುವ ಫೋಟೋಗಳನ್ನು ಮೊದಲು ಬೇರೆ ಡಿಸ್ಕ್‌ಗೆ ತೆಗೆದುಕೊಂಡು ಆಮೇಲೆ ಎಸ್‌ಎಸ್‌ಡಿ ಕೆಲಸಕ್ಕೆ ಕೈಹಾಕಿ.