ಬ್ಯಾಂಕಾಕ್‌ನಲ್ಲಿ ಕೆಲಸ ಅಂತ ತಮ್ಮನಿಗೆ ಆಫರ್ ಬಂದಿದೆ, ಕಳಿಸಬಹುದಾ?

ದಾವಣಗೆರೆ ಅಕ್ಕ: ತಮ್ಮ ಬಿಕಾಂ ಮುಗಿಸಿ ಮನೆಯಲ್ಲಿ ಸುಮ್ನೆ ಕೂತಿದ್ದಾನೆ. ಟೆಲಿಗ್ರಾಂನಲ್ಲಿ ಒಬ್ಬ ಏಜೆಂಟ್ ಗಂಟು ಬಿದ್ದಿದ್ದಾನೆ. ಡೇಟಾ ಎಂಟ್ರಿ, ತಿಂಗಳಿಗೆ 80,000, ಟಿಕೆಟ್ ಅವರದೇ. ವೀಸಾ ಆಮೇಲೆ ನೋಡಿಕೊಳ್ಳೋಣ ಅಂತಾನಂತೆ. ಮ್ಯಾನ್ಮಾರ್ ಗಡಿಯ ವಂಚನೆ ಅಡ್ಡೆಗಳ ಸುದ್ದಿ ಓದಿ ನನಗೆ ಭಯ. ‘ಅದೆಲ್ಲ ದಾಳಿ ಮಾಡಿ ಮುಚ್ಚಿಸಿದ್ದಾರೆ’ ಅಂತ ತಮ್ಮನ ವಾದ. ನಿಜನಾ?

ಹೊಳೆ ದಾಟಿದವ: ಕಳಿಸಬೇಡಿ ಅಕ್ಕ. ನನಗೂ ಬ್ಯಾಂಕಾಕ್ ಅಂತಲೇ ಹೇಳಿದ್ದರು. ಏರ್‌ಪೋರ್ಟ್‌ನಿಂದ ಕಾರಿನಲ್ಲಿ ರಾತ್ರಿಯೆಲ್ಲಾ ಪ್ರಯಾಣ, ಬೆಳಿಗ್ಗೆ ಥಾಯ್ಲೆಂಡ್ ಗಡಿಯ ಊರು ಮೇ ಸೋತ್. ಅಲ್ಲಿಂದ ಮೋಯ್ ಹೊಳೆ ದಾಟಿಸಿದರು. ದೋಣಿಯಲ್ಲಿ ಐದು ನಿಮಿಷವೂ ಆಗಲಿಲ್ಲ. ಆಚೆ ದಡ ಮ್ಯಾನ್ಮಾರ್‌ನ ಮ್ಯಾವಡ್ಡಿ. ಇಳಿದ ತಕ್ಷಣ ಪಾಸ್‌ಪೋರ್ಟ್ ಕಿತ್ತುಕೊಂಡರು. ದಿನಾ ಹದಿನಾರು ಗಂಟೆ ಹುಡುಗಿಯ ಫೋಟೋ ಹಾಕಿಕೊಂಡು ಅಮೆರಿಕದ ಮುದುಕರ ಜೊತೆ ಚಾಟ್ ಮಾಡುತ್ತಿದ್ದೆ. ನಂಬಿಸಿ ದುಡ್ಡು ಕೀಳೋಕೆ ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳಬೇಕಿತ್ತು.

ಮಂಡ್ಯ ಮಾದ: ಹೊಳೆ ಅಷ್ಟು ಚಿಕ್ಕದಾದರೆ ಥಾಯ್ ಪೊಲೀಸರೇ ದಾಟಿ ಹಿಡಿಯಬಹುದಿತ್ತಲ್ವಾ?

ಹೊಳೆ ದಾಟಿದವ: ಆಚೆ ದಡ ಬೇರೆ ದೇಶ ಸ್ವಾಮಿ. ಅಲ್ಲಿ ನಡೆಯುವುದು ಬಂದೂಕು ಹಿಡಿದ ಗಡಿ ಗುಂಪುಗಳ ಮಾತು. ಆದರೆ ಅಲ್ಲಿಗೆ ಕರೆಂಟು ಬರುತ್ತಿದ್ದದ್ದು ಥಾಯ್ಲೆಂಡ್‌ನಿಂದಲೇ! 2025ರ ಜನವರಿಯಲ್ಲಿ ಚೀನಾದ ನಟ ವಾಂಗ್ ಶಿಂಗ್‌ನನ್ನೂ ಹೀಗೇ ಸಾಗಿಸಿದ್ದರು. ಚೀನಾದಲ್ಲಿ ಗಲಾಟೆ ಆಯ್ತು, ಟೂರಿಸ್ಟುಗಳು ಥಾಯ್ಲೆಂಡ್‌ಗೆ ಬರಲು ಹೆದರಿದರು. ಫೆಬ್ರವರಿ 5ಕ್ಕೆ ಥಾಯ್ಲೆಂಡ್ ಕರೆಂಟು, ಡೀಸೆಲ್, ಇಂಟರ್ನೆಟ್ ಮೂರನ್ನೂ ನಿಲ್ಲಿಸಿತು. ನಮ್ಮ ಕಟ್ಟಡದಲ್ಲಿ ಫ್ಯಾನ್ ನಿಂತಿತು. ಸ್ವಲ್ಪ ಹೊತ್ತಿಗೇ ಜನರೇಟರ್ ಗುಡುಗಿತು, ಕೂತು ಟೈಪ್ ಮಾಡಿ ಅಂದರು. ಆದರೂ ದಿನ ಕಳೆದಂತೆ ಬಾಸ್‌ಗಳ ಮುಖ ಬಾಡುತ್ತಾ ಬಂತು. ವಾರದಲ್ಲೇ ಗಡಿ ಗುಂಪುಗಳು ಜನರನ್ನು ಥಾಯ್ ಕಡೆಗೆ ಒಪ್ಪಿಸತೊಡಗಿದವು. ಮಾರ್ಚ್ 10 ಮತ್ತು 11ಕ್ಕೆ ನಮ್ಮ ವಾಯುಪಡೆ ವಿಮಾನಗಳು ಮೇ ಸೋತ್‌ನಿಂದ 549 ಭಾರತೀಯರನ್ನು ಕರೆತಂದವು. ಅದರಲ್ಲಿ ನಾನೊಬ್ಬ.

ಮಂಡ್ಯ ಮಾದ: ಹಾಗಾದರೆ ಮುಚ್ಚಿದ ಹಾಗೇ ಅಲ್ವಾ?

ಹೊಳೆ ದಾಟಿದವ: ಎಲ್ಲಿ ಮುಚ್ಚಿತು? ಅದೇ ವರ್ಷ ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್ ಸೇನೆ ಮ್ಯಾವಡ್ಡಿಯ ಕೆಕೆ ಪಾರ್ಕ್ ಅನ್ನೋ ದೊಡ್ಡ ವಂಚನೆ ಅಡ್ಡೆ ಮೇಲೆ ದಾಳಿ ಮಾಡಿದಾಗ ಸಾವಿರಕ್ಕೂ ಜಾಸ್ತಿ ಜನ ಹೊಳೆ ದಾಟಿ ಓಡಿ ಬಂದರು. ಅವರಲ್ಲೂ ನೂರಾರು ಭಾರತೀಯರು. ಹಲವು ದೇಶ ಸೇರಿ ನಮ್ಮಂಥವರನ್ನು ಹೊರಗೆ ತಂದವು, ದೊಡ್ಡ ಉಪಕಾರ. ಆದರೆ ನನ್ನ ಬಾಸ್ ಕರೆಂಟು ಹೋದ ಮೂರನೇ ದಿನವೇ ಲ್ಯಾಪ್‌ಟಾಪ್ ಹಿಡಿದು ಮಾಯ. ಕಾಂಬೋಡಿಯಾದಲ್ಲೂ ಇದೇ ದಂಧೆ ಇದೆ. ಅಕ್ಕ, ಏಜೆಂಟ್ ಹೆಸರು ಇ-ಮೈಗ್ರೇಟ್‌ನಲ್ಲಿ, ಅಂದರೆ ಲೈಸೆನ್ಸ್ ಇರೋ ಏಜೆಂಟರ ಪಟ್ಟಿ ಇರುವ ಸರ್ಕಾರಿ ವೆಬ್‌ಸೈಟ್‌ನಲ್ಲಿ, ಇದೆಯಾ ನೋಡಿ.

ದಾವಣಗೆರೆ ಅಕ್ಕ: ನೋಡಿದೆ, ಇಲ್ಲ. ಲೈಸೆನ್ಸ್ ನಂಬರ್ ಕೇಳಿದ್ದಕ್ಕೆ ಬ್ಲಾಕ್ ಮಾಡಿದ. ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿದೆ. ತಮ್ಮ ಮಾತು ಬಿಟ್ಟಿದ್ದಾನೆ.